ಒಲೆ ಹಚ್ಚದ ಮನೆ

ಬರೀ ಎರಡು ದಿನದ ತಿರುಗಾಟಕ್ಕೆ ಸೋಫಿಯೆ ಹಾಕಿಕೊಂಡ ಪಟ್ಟಿಯನ್ನು ಯಾರಾದರೂ ನೋಡಿದ್ದರೆ ಹುಡುಗಿ ಹಜ್ಜಿಗೇ ಹೊರಟಿದ್ದಾಳೆ ಎಂದುಕೊಳ್ಳುತ್ತಿದ್ದರು. ಅವಳಿಗೆ ಬಟ್ಟೆಯ ಸಗಟು ಅಂಗಡಿಯೊಂದರಲ್ಲಿ ಕೆಲಸ. ದಿನವಿಡೀ ರೇಷ್ಮೆಯ ತುಂಡುಗಳನ್ನು ಕತ್ತರಿಸಿ ಮಾದರಿ ಪುಸ್ತಕಕ್ಕೆ ಅಂಟಿಸುವುದು. ಹಳತಾಗಿ ಬಿಸಾಡಿದ ಅಂಥದೊಂದು ಪುಸ್ತಕವನ್ನು ಮನೆಗೆ ತಂದು ಒಂದೊಂದು ತುಂಡಿನ ಪಕ್ಕದಲ್ಲೂ ಒಂದೊಂದು ಹೊತ್ತನ್ನು ಬರೆದಿದ್ದಳು. ಬೂದಿ ಬಣ್ಣದ ಪಕ್ಕ ಬೆಳಗಿನ ರೈಲು. ಪಾರಿವಾಳದ ಕೊರಳಿನ ಬಣ್ಣದ ಪಕ್ಕ ಸರೋವರ. ದಂಡೆಯಲ್ಲಿ ಎಲ್ಲೆಲ್ಲಿ ಕಲ್ಲುಬೆಂಚಿದೆ, ಮಸೀದಿಯಲ್ಲಿ ಹೆಂಗಸರ ಕೋಣೆಗೆ ಎಷ್ಟು ಮೆಟ್ಟಿಲು, ಯಾವ ಹೋಟೆಲಿನ ಹಸಿರು ಹಲಾಲ್ ಫಲಕ ನಂಬುವಂಥದ್ದು, ಯಾವುದು ಬರೀ ಬಣ್ಣ, ಎಲ್ಲವೂ ಇತ್ತು. ಶನಿವಾರ ಸಂಜೆ ನಾಲ್ಕು ಗಂಟೆಯ ಪಕ್ಕ ಮಾತ್ರ ಕೆಂಪು ತುಂಡು. ಅಲ್ಲಿ ಒಂದೇ ಪದ: ಮನೆ.

ನೂಡಲ್ಸ್ ಅಂಗಡಿಯ ಬಾಗಿಲು ಹಾಕಿ ಒಳಬಂದ ಅಪ್ಪ ಯಾಹ್ಯಾ ಅದರ ಹಾಳೆ ತಿರುವಿ ನಕ್ಕ.

“ಹಾಂಗ್‌ಜೌ ಅಂದ್ರೆ ನಮ್ಮ ಶಾವೊಶಿಂಗ್‌ನಿಂದ ರೈಲಲ್ಲಿ ಇಪ್ಪತ್ತು ನಿಮಿಷ ಕಣೇ. ಇದನ್ನ ನೋಡಿದ್ರೆ ಗೋಬಿ ಮರುಭೂಮಿ ದಾಟೋ ಹಾಗಿದೆ.”

“ದಾಟಬೇಕಾಗಿರೋದು ಮರುಭೂಮಿನಲ್ಲ ರೀ, ನಿಮ್ಮಮ್ಮನ್ನ,” ಎಂದಳು ಅಮ್ಮ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

ಒಳಕೋಣೆಯಿಂದ ಅಜ್ಜಿಯ ಗಂಟಲು ಕೇಳಿಸಿತು. “ಕಣ್ಣು ಮಂಜಾಗಿದೆ, ಕಿವಿ ಸರಿಯಾಗೇ ಇದೆ.”

ಅಜ್ಜಿ ಹಲೀಮೈಗೆ ಎಂಬತ್ತು. ದೂರದ ನಿಂಗ್‌ಶಿಯಾದಿಂದ, ಹಳದಿ ನದಿಯ ದಡದ ವುಜೋಂಗ್ ಊರಿಂದ, ಮಗನ ಜೊತೆಗಿರಲೆಂದು ಬಂದು ಎಂಟು ವರ್ಷವಾಗಿತ್ತು. ಬಂದದ್ದಾದರೂ ಎಂಥ ಊರಿಗೆ? ಬೀದಿ ಬೀದಿಯಲ್ಲೂ ಅಕ್ಕಿಯ ಮದ್ಯದ ಹಂಡೆಗಳನ್ನು ಸಾಲಾಗಿ ಇಟ್ಟ ಊರಿಗೆ. ಗಾಳಿಯಲ್ಲೇ ಹರಾಮು ತೇಲುತ್ತದೆ ಎಂದು ಅವಳು ಬಂದ ದಿನವೇ ಮುಚ್ಚಿಸಿದ ಪೂರ್ವದ ಕಿಟಕಿ ಇನ್ನೂ ತೆರೆದಿರಲಿಲ್ಲ. ಈ ಎಂಟು ವರ್ಷದಲ್ಲಿ ಅವಳು ಬೇರೆ ಮನೆಯಲ್ಲಿ ಒಂದು ತುತ್ತು ತಿಂದವಳಲ್ಲ. ಮದುವೆಗೆ ಹೋಗುತ್ತಿದ್ದಳು, ಬಾಯ್ತುಂಬ ಹರಸುತ್ತಿದ್ದಳು, ಹಸಿದ ಹೊಟ್ಟೆಯಲ್ಲೇ ಮನೆಗೆ ಮರಳುತ್ತಿದ್ದಳು. ‘ಒಲೆ ನೋಡದೆ ಬಟ್ಟಲು ಒಡ್ಡಬೇಡ’ ಎನ್ನುವುದು ಅವಳ ಮಾತು.

ಆ ಮಾತಿಗೇ ಈಗ ಸೋಫಿಯೆಯ ಬದುಕು ಸಿಕ್ಕಿಕೊಂಡಿತ್ತು.

ಅವಳು ಮದುವೆಯಾಗಬೇಕೆಂದಿದ್ದ ಹುಡುಗ ಡಿಂಗ್ ಲಿನ್ ಹಾಂಗ್‌ಜೌನವನು, ಅವರಂತೆಯೇ ಹುಯಿ ಮುಸ್ಲಿಮರವನು. ಸರೋವರವನ್ನು ಚೊಕ್ಕಟ ಮಾಡುವ ದೋಣಿಯಲ್ಲಿ ಅವನ ಕೆಲಸ. ಬೇಸಗೆಯಲ್ಲಿ ಪಾಚಿ ಬಾಚುವುದು, ಹಿಂಗಾರಿನಲ್ಲಿ ಒಣಗಿದ ತಾವರೆ ದಂಟು ಕೊಯ್ಯುವುದು. ಉದ್ದನೆಯ ಕೋಲು ಹಿಡಿದು ಮಂಜಿನೊಳಗಿಂದ ಬರುತ್ತಿದ್ದ ಅವನನ್ನು ಮೊದಲ ಸಲ ಕಂಡಾಗ ಅಜ್ಜಿಯ ಯಾವುದೋ ಕಥೆಯಿಂದ ತಪ್ಪಿಸಿಕೊಂಡು ಬಂದವನಂತೆ ಸೋಫಿಯೆಗೆ ಕಂಡಿದ್ದ. ಅಪ್ಪ ಅಮ್ಮನಿಗೆ ಹುಡುಗ ಒಪ್ಪಿಗೆಯೇ. ಅಜ್ಜಿ ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದಳು: “ದಕ್ಷಿಣದವರ ನಮಾಜು ಹತ್ತು ಸಲ ನೀರು ಹೊಯ್ದ ಚಹಾ ಇದ್ದ ಹಾಗೆ. ಅವರ ಒಲೆ ನೋಡ್ತೀನಿ. ಉಂಡ್ರೆ ಉಂಡೆ, ಇಲ್ಲಾಂದ್ರೆ ಇಲ್ಲ.”

ಅವರ ಜನರಲ್ಲಿ ಇದಕ್ಕೆ ಬೇರೆ ಅರ್ಥವಿಲ್ಲ. ಹುಡುಗನ ಮನೆಯಲ್ಲಿ ಹಿರಿಯರು ಬಟ್ಟಲಿಗೆ ಊಟದ ಕಡ್ಡಿ ಇಟ್ಟರೆ ನೆಂಟಸ್ತಿಕೆ ಕುದುರಿತು. ಕಡ್ಡಿ ಮುಟ್ಟದೆ ಎದ್ದರೆ ಮುಗಿಯಿತು, ಮತ್ತೆ ಆ ಬೀದಿಯಲ್ಲಿ ಹಾಯುವ ಹಾಗಿಲ್ಲ. ಸರೋವರ ನೋಡುವುದು ನೆಪ. ಇದು ಮನೆಯ ಬೆಕ್ಕಿಗೂ ಗೊತ್ತಿತ್ತು.

ಸೋಫಿಯೆ ರಾತ್ರಿ ಹಗಲು ಲೆಕ್ಕ ಹಾಕಿದಳು. ಲಿನ್‌ನ ಅಮ್ಮ ಯೂಝೆನ್ ಒಳ್ಳೆಯ ಹೆಂಗಸು. ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಿಯಾದವಳು, ಗಂಡನಿಲ್ಲದೆ ಮಗನನ್ನು ಬೆಳೆಸಿದವಳು. ಆದರೆ ಅವಳ ಅಡುಗೆ ದಕ್ಷಿಣದ ಅಡುಗೆ. ಅಜ್ಜಿ ಒಂದು ಪ್ರಶ್ನೆ ಕೇಳುವಳು, ಎರಡನೆಯದು ಕೇಳುವಳು, ಮೂರನೆಯದಕ್ಕೆ ಮೂಗು ಮುರಿಯುವಳು. ಅದರ ಬದಲು ವುಜೋಂಗ್‌ನವನೇ ನಡೆಸುವ ಹೋಟೆಲಿನಿಂದ ಊಟ ತರಿಸಿಬಿಟ್ಟರೆ? ಊರಿನ ಕುರಿ, ಊರಿನ ರೊಟ್ಟಿ. ಅಜ್ಜಿ ಕಣ್ಣು ಮುಚ್ಚಿಕೊಂಡು ತಿನ್ನುವಳು, ತಿಂದದ್ದು ಮಾತ್ರ ಯೂಝೆನ್‌ಳ ಸೂರಿನಡಿ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಬುಧವಾರ ಫೋನು ಮಾಡಿಯೇಬಿಟ್ಟಳು.

“ಚಿಕ್ಕಮ್ಮಾ, ನೀವೇನೂ ಅಡುಗೆ ಮಾಡಬೇಡಿ. ಒಲೆ ಹಚ್ಚೋ ತಾಪತ್ರಯವೇ ಬೇಡ. ಎಲ್ಲಾ ಹೋಟೆಲಿಂದ ಬರುತ್ತೆ, ನಾಲ್ಕು ಗಂಟೆಗೆ ಸರಿಯಾಗಿ.”

ಆ ಕಡೆ ಬಟ್ಟಲು ಕೆಳಗಿಟ್ಟ ಶಬ್ದ.

“ಏನೂ ಬೇಡ್ವಾ ಮಗಾ?”

“ಏನೂ ಬೇಡ. ನೀವು ಆರಾಮಾಗಿರಿ.”

“ಆಗಲಿ,” ಎಂದಳು ಯೂಝೆನ್. “ನೀನು ಹೇಳಿದ ಹಾಗೇ ಆಗಲಿ.”

ಆ ‘ಆಗಲಿ’ಯಲ್ಲಿ ಏನೋ ಒಂದು ಕುಗ್ಗಿತ್ತು. ಆದರೆ ಸೋಫಿಯೆಯ ಮನಸ್ಸು ಆಗಲೇ ಮುಂದಿನ ಬಟ್ಟೆಯ ತುಂಡಿಗೆ ಹೋಗಿತ್ತು.

ಶನಿವಾರ ಅಜ್ಜಿಯ ಚೀಲ ಉಳಿದ ಮೂವರ ಚೀಲಕ್ಕಿಂತ ಭಾರವಾಗಿತ್ತು. ಅವಳದೇ ಬಟ್ಟಲು, ಅವಳದೇ ಕಡ್ಡಿ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡಲು ಉದ್ದ ಮೂತಿಯ ತಾಮ್ರದ ಹೂಜಿ, ಬೇಯಿಸಿದ ಹನ್ನೆರಡು ಮೊಟ್ಟೆ. ಪಯಣದಲ್ಲಿ ಮೊಟ್ಟೆಯಷ್ಟು ಶುದ್ಧವಾದದ್ದಿಲ್ಲ, ಅಲ್ಲಾಹನೇ ಮುಚ್ಚಳ ಹಾಕಿ ಕಳಿಸಿದ್ದಾನೆ ಎನ್ನುವಳು.

ಸರೋವರದ ದಂಡೆಯಲ್ಲಿ ಅಕ್ಟೋಬರ್‌ನ ಬಿಸಿಲು ಹದವಾಗಿತ್ತು. ತಾವರೆಯ ಎಲೆಗಳು ಅಂಚಿನಿಂದ ಒಣಗುತ್ತಿದ್ದವು. ಅಜ್ಜಿ ಕಲ್ಲುಬೆಂಚಿನ ಮೇಲೆ ಕುಳಿತು, ಮಂಜುಗಣ್ಣನ್ನು ನೀರಿನ ಕಡೆ ಹೊರಳಿಸಿದಳು.

“ನಾನು ಹೇಳಿರಲಿಲ್ವಾ?” ಎಂದಳು. “ಈ ಸರೋವರ ಇದೆಯಲ್ಲ, ಇವಳು ನಮ್ಮ ಕಡೆಯ ಹುಡುಗಿ.”

ಸೋಫಿಯೆ ಅಜ್ಜಿಯ ಪಕ್ಕಕ್ಕೆ ಸರಿದು ಕುಳಿತಳು. ಈ ಸರೋವರವನ್ನು ಕಣ್ಣಾರೆ ಕಾಣುವುದಕ್ಕೆ ಅರವತ್ತು ವರ್ಷ ಮೊದಲಿನಿಂದಲೂ ಅಜ್ಜಿ ಅದರ ಕಥೆ ಹೇಳುತ್ತ ಬಂದವಳು. ವುಜೋಂಗ್‌ನಲ್ಲಿ, ಕೆಳಗೆ ಬೆಂಕಿ ಹಾಕಿ ಕಾಯಿಸಿದ ಮಲಗುವ ಜಗಲಿಯ ಮೇಲೆ, ಕಂಬಳಿಯೊಳಗೆ ಪುಟ್ಟ ಮೊಮ್ಮಗಳ ಕಾಲನ್ನು ತನ್ನ ಕಾಲ ನಡುವೆ ಇಟ್ಟುಕೊಂಡು.

“ಹಳದಿ ನದಿಯ ಕೊನೇ ಮಗಳು. ದೂರದ ಸಮುದ್ರಕ್ಕೆ ಮದುವೆ ಮಾಡಿ ಕೊಟ್ರು. ನದಿಗಳಾಗಿದ್ದ ಏಳು ಅಕ್ಕಂದಿರು ಕುಣಿದುಕೊಂಡು ಹೋದ್ರು, ಇವಳು ನಡೀತಾ ನಡೀತಾ ಇಲ್ಲಿಗೆ ಬಂದು, ‘ಅಮ್ಮಾ, ಕಾಲು ನೋವು, ಸ್ವಲ್ಪ ಕೂತ್ಕೋತೀನಿ’ ಅಂದ್ಲು. ಕೂತವಳು ಏಳಲೇ ಇಲ್ಲ. ಅತ್ತ ಸಮುದ್ರ ಇನ್ನೂ ಕಾಯ್ತಾನೇ ಇದೆ, ದಿನಕ್ಕೆ ಎರಡು ಸಲ ಬಂದು ಇಣುಕಿ ಹೋಗುತ್ತೆ.”

“ಅವಳಿಗೆ ತವರಿನ ನೆನಪಾಗ್ತಿರಲಿಲ್ವಾ ಅಜ್ಜಿ?”

“ಆಗ್ದೆ ಏನು? ಅದಕ್ಕೇ ನೀರು ಆಡೋದಿಲ್ಲ ನೋಡು. ನೆನಪು ಮಾಡ್ಕೊಳ್ಳೋರು ಅಲ್ಲಾಡೋದಿಲ್ಲ.”

ಅಪ್ಪ ಅಷ್ಟರಲ್ಲಿ ಮೂರನೆಯ ಮೊಟ್ಟೆ ಸುಲಿಯುತ್ತಿದ್ದ. “ನಾಲ್ಕು ಗಂಟೆಗೆ ಊಟ ಇದೆ ರೀ,” ಎಂದು ಅಮ್ಮ ಅವನ ಕೈಗೆ ಒಂದೇಟು ಕೊಟ್ಟಳು.

ಮಸೀದಿಯಲ್ಲಿ ನಮಾಜು ಮುಗಿಸಿ ಹಿಂದಿನ ಓಣಿಗೆ ಬಂದಾಗ ಸೋಫಿಯೆ ಮತ್ತೊಮ್ಮೆ ಗಡಿಯಾರ ನೋಡಿದಳು. ಲಿನ್‌ನ ಮನೆ ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಮೆಟ್ಟಿಲಿಗೂ ಅಜ್ಜಿ ನಿಂತು ಉಸಿರು ತೆಗೆದುಕೊಂಡಳು. ಲಿನ್ ಕೆಳಗೇ ಬಂದು ಅವಳ ಚೀಲ ಹಿಡಿದಿದ್ದ. ಭಾರಕ್ಕೆ ಹುಬ್ಬೇರಿಸಿದರೂ ಬಾಯಿ ಬಿಡಲಿಲ್ಲ.

“ಇಟ್ಟಿಗೆ ತುಂಬಿದ್ದೀನಿ ಅಂತ ಅಂದ್ಕೊಂಡ್ಯಾ?” ಎಂದಳು ಅಜ್ಜಿ.

“ಇಲ್ಲ ಅಜ್ಜಿ. ಇಟ್ಟಿಗೆ ಇಷ್ಟು ಭಾರ ಇರಲ್ಲ.”

ಅಜ್ಜಿಯ ತುಟಿ ಒಂದು ಎಳೆ ಅಲುಗಿತು. ನಕ್ಕಳೋ ಬೈದುಕೊಂಡಳೋ ತಿಳಿಯಲಿಲ್ಲ.

ಯೂಝೆನ್ ಬಾಗಿಲಲ್ಲೇ ನಿಂತು ಸಲಾಂ ಹೇಳಿದಳು. ಇಸ್ತ್ರಿ ಮಾಡಿದ ಬಿಳಿಯ ತಲೆವಸ್ತ್ರ, ಒಂದರ ಮೇಲೊಂದು ಕಟ್ಟಿಕೊಂಡ ಎರಡು ಕೈ. ಅಜ್ಜಿ ಸಲಾಂಗೆ ಮಾರುತ್ತರ ಕೊಟ್ಟು ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಮೂಗು ಅರಳಿತು. ಒಗ್ಗರಣೆಯ ವಾಸನೆಯಿಲ್ಲ, ಎಣ್ಣೆಯ ವಾಸನೆಯಿಲ್ಲ, ಹಬೆಯ ಬಿಸಿಯಿಲ್ಲ. ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಉಜ್ಜಿ ಹೊಳೆಯಿಸಿದ ಒಲೆ ತಣ್ಣಗಿತ್ತು, ಬಾಣಲೆ ಮಗುಚಿತ್ತು. ಮೇಜಿನ ಮೇಲೆ ಹೊರಗಿನಿಂದ ಬಂದ ಊಟದ ಡಬ್ಬಿಗಳು ಕಟ್ಟು ಬಿಚ್ಚದೆ ಕೂತಿದ್ದವು.

ಅಜ್ಜಿಯ ಮುಖ ಇಳಿಯಿತು. ಸರಸರನೆ ಒಂದು ಕುರ್ಚಿ ಎಳೆದುಕೊಂಡು ಕುಳಿತು, ಎರಡೂ ಅಂಗೈ ಎತ್ತಿ, ತೀರಿಹೋದವರಿಗೆ ಹೇಳುವ ಪ್ರಾರ್ಥನೆಯನ್ನು ಶುರು ಮಾಡಿಬಿಟ್ಟಳು.

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಹಿರಿಯರು ಕೈ ಎತ್ತಿದ ಮೇಲೆ ಕಿರಿಯರು ಏಕೆಂದು ಕೇಳುವ ಹಾಗಿಲ್ಲ; ಅವರೂ ಎತ್ತಿದರು. ಲಿನ್ ಎತ್ತಿದ. ಯೂಝೆನ್‌ಳೂ ಗಾಬರಿಯಲ್ಲೇ ಎತ್ತಿದಳು. ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡ ಮೇಲೆ ಅಜ್ಜಿ ಯೂಝೆನ್‌ಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು.

“ಯಾರಮ್ಮಾ ಹೋದ್ರು? ಎಷ್ಟು ದಿನ ಆಯ್ತು? ನಮಗೊಂದು ಮಾತು ಹೇಳಬಾರದಿತ್ತಾ? ಮೂರು ದಿನದ ಸೂತಕದ ಮನೆಗೆ ನೆಂಟಸ್ತಿಕೆ ಅಂತ ನಗ್ತಾ ಬಂದ್ವಲ್ಲ. ಅಯ್ಯೋ, ಇವನು ಮೂರು ಮೊಟ್ಟೆ ತಿಂದು ಬಂದ!”

ಆಗ ಸೋಫಿಯೆಗೆ ಹೊಳೆಯಿತು. ಅವರಲ್ಲಿ ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಊಟ ಹೊರಗಿನಿಂದ ಬರುತ್ತದೆ. ಬೇರಾವ ಕಾರಣಕ್ಕೂ ಮನೆ ತಣ್ಣಗಿರುವುದಿಲ್ಲ. ನೆಂಟರು ಬರುವ ದಿನವಂತೂ ಇಲ್ಲವೇ ಇಲ್ಲ. ತಾನು ಈ ಹೆಂಗಸಿಗೆ ಫೋನಿನಲ್ಲಿ ಹೇಳಿದ್ದಾದರೂ ಏನು? ಹಬ್ಬದಂಥ ದಿನ ನಿನ್ನ ಮನೆಯಲ್ಲಿ ಸಾವಿನಂತೆ ಕೂತಿರು ಎಂದು. ಅವಳ ಕಿವಿ ಕಾದು ಕೆಂಪಾಯಿತು.

“ಯಾರೂ ಹೋಗಿಲ್ಲ ದೊಡ್ಡಮ್ಮಾ,” ಎಂದಳು ಯೂಝೆನ್ ತಡವರಿಸುತ್ತ. ಒಂದು ಗಳಿಗೆ ಅವಳ ಕಣ್ಣು ಸೋಫಿಯೆಯ ಮುಖದ ಮೇಲೆ ನಿಂತು ಹಿಂದೆ ಸರಿಯಿತು. “ಗ್ಯಾಸು... ಬೆಳಿಗ್ಗೆ ಗ್ಯಾಸು ಬರ್ತಿರಲಿಲ್ಲ. ಅದಕ್ಕೇ.”

ಅಜ್ಜಿ ಎದ್ದಳು. ಅಡುಗೆಮನೆಗೆ ಹೋಗಿ, ತಡವಿ, ಒಲೆಯ ಗುಂಡಿ ತಿರುಗಿಸಿದಳು. ಟಪ್ಪೆಂದು ನೀಲಿ ಉರಿ ಎದ್ದಿತು.

ಅಪ್ಪ ಕಿಟಕಿಯಾಚೆ ಬಹಳ ಮುಖ್ಯವಾದದ್ದೇನನ್ನೋ ನೋಡತೊಡಗಿದ. ಅಜ್ಜಿ ಈಗ ಚೀಲ ಎತ್ತಿಕೊಳ್ಳುವಳು, ‘ಸುಳ್ಳು ಹೇಳುವ ಮನೆ’ ಎನ್ನುವಳು, ಆ ಮೂರು ಮಹಡಿ ಇಳಿದುಬಿಡುವಳು. ಸೋಫಿಯೆ ಬಾಯಿ ತೆರೆದರೆ ಅಳುವೇ ಬರುವಂತಿತ್ತು. ಆದರೂ ತೆರೆದಳು.

“ಅಜ್ಜಿ, ಚಿಕ್ಕಮ್ಮಂದು ತಪ್ಪಿಲ್ಲ. ನಾನೇ ಒಲೆ ಹಚ್ಚಬೇಡಿ ಅಂದೆ. ಊಟ ನಾನೇ ತರಿಸಿದ್ದು. ಅದು ವುಜೋಂಗ್‌ನವನ ಹೋಟೆಲ್ಲು. ಇವರು ಮಾಡಿದ್ರೆ ನೀವು ತಿನ್ನಲ್ಲ ಅಂತ ಹೆದರಿಕೊಂಡೆ. ನೀವು ತಿನ್ಲಿಲ್ಲ ಅಂದ್ರೆ...”

ಅಜ್ಜಿ ಉರಿ ಆರಿಸಲಿಲ್ಲ. ಅದರ ಎದುರೇ ನಿಂತು ಮೊಮ್ಮಗಳನ್ನು ನೋಡಿದಳು.

“ನಾನು ನಲವತ್ತು ಮನೇಲಿ ಊಟ ಬೇಡ ಅಂದಿರಬಹುದು ಕಣೇ. ಬೇಡ ಅಂದೋಳಿಗೆ ಹಸಿವಾಗುತ್ತೆ, ಅಷ್ಟೇ. ಒಂದು ಮನೇಗೂ ಒಲೆ ಹಚ್ಚಬೇಡ ಅಂದವಳಲ್ಲ. ಮುಸಲ್ಮಾನರ ಮನೆ ಒಲೆಗೆ ನೀನು ಯಾರು ಬೀಗ ಹಾಕೋಕೆ?”

“ಬಿಡಿ ದೊಡ್ಡಮ್ಮಾ, ಮಗು,” ಎಂದಳು ಯೂಝೆನ್.

“ಮಗು ಅಲ್ಲ, ಕತ್ತೆ. ಓದಿದ ಕತ್ತೆ.” ಆಮೇಲೆ ದನಿ ಇಳಿಸಿ, “ಇವಳು ಫೋನು ಮಾಡದೆ ಇದ್ದಿದ್ರೆ ಇವತ್ತು ಏನು ಮಾಡ್ತಿದ್ದೆ ನೀನು?” ಎಂದಳು.

ಉತ್ತರ ಕೊಟ್ಟವನು ಲಿನ್. “ಮೀನು ಬಚ್ಚಲಲ್ಲಿ ಇದೆ.”

“ಬಚ್ಚಲಲ್ಲಿ?”

“ಗುರುವಾರವೇ ತಂದ್ರು ಅಮ್ಮ. ಎರಡು ದಿನ ಶುದ್ಧ ನೀರಲ್ಲಿ ಬಿಟ್ರೆ ಕೆಸರಿನ ವಾಸನೆ ಹೋಗುತ್ತಂತೆ. ಯಾರಿಗೆ ಮಾಡ್ತೀಯಾ ಅಂದ್ರೆ ‘ಸುಮ್ನೆ ಇರಲಿ’ ಅಂತಾರೆ. ಎರಡು ದಿನದಿಂದ ನಾನು ಮೀನಿನ ಅಪ್ಪಣೆ ಕೇಳಿ ಸ್ನಾನ ಮಾಡ್ತಾ ಇದ್ದೀನಿ.”

ಅಮ್ಮ ಮೊದಲು ನಕ್ಕಳು. ಆಮೇಲೆ ಅಪ್ಪನಿಗೂ ತಡೆಯಲಾಗಲಿಲ್ಲ. ಅಜ್ಜಿ ನಗಲಿಲ್ಲ, ಅಡುಗೆಮನೆಯ ಮೂಲೆಯಲ್ಲಿದ್ದ ಗಿಡ್ಡ ಮಣೆಯನ್ನು ಕಾಲಿನಿಂದ ಎಳೆದುಕೊಂಡು ಒಲೆಗೆ ಎದುರಾಗಿ ಕುಳಿತಳು. “ತಾ ಮೀನು. ನಾನು ಇಲ್ಲೇ ಕೂತಿರ್ತೀನಿ. ಗಂಡಸರು ಆಚೆ ಹೋಗಿ. ಏ ಕತ್ತೆ, ಶುಂಠಿ ಹೆಚ್ಚು.”

ಅಡುಗೆಮನೆ ಮೂವರಿಗೆ ಇಕ್ಕಟ್ಟು. ಸೋಫಿಯೆ ಗೋಡೆಗೆ ಒರಗಿ ಶುಂಠಿ ಹೆಚ್ಚಿದಳು. ಒಲೆ ನೋಡುವುದೆಂದರೆ ಇದೇ; ತಾನು ತಪ್ಪಿಸಲು ಹೊರಟಿದ್ದ ಗಳಿಗೆಯೇ ಎದುರಿಗೆ ಬಂದು ಕೂತಿತ್ತು, ಅದೂ ಮಣೆ ಹಾಕಿಕೊಂಡು.

ಯೂಝೆನ್ ‘ಬಿಸ್ಮಿಲ್ಲಾ’ ಎಂದು ಮೀನನ್ನು ಸೀಳಿದಳು. ಚಾಕು ನೇರ ಹೋಯಿತು. ಅಜ್ಜಿ ಎಣ್ಣೆಯ ಡಬ್ಬಿ ಮೂಸಿದಳು, ಕರಿ ವಿನೆಗರ್‌ನ ಸೀಸೆ ಮೂಸಿದಳು, ಸಕ್ಕರೆಯ ಹರಳನ್ನು ಬೆಳಕಿಗೆ ಹಿಡಿದಳು.

“ನಿಮ್ಮ ಕಡೆ ಮೀನಿಗೆ ಮದ್ಯ ಹೊಯ್ತಾರಂತೆ. ವಾಸನೆ ಹೋಗೋಕೆ.”

“ಹೂಂ, ಹೊಯ್ತಾರೆ.”

“ನೀನು?”

ಸೋಫಿಯೆಯ ಚಾಕು ನಿಂತಿತು. ಇಲ್ಲ ಎನ್ನು ಚಿಕ್ಕಮ್ಮಾ, ಒಂದೇ ಒಂದು ಮಾತು, ಇಲ್ಲ ಎಂದುಬಿಡು.

“ನಾನೂ ಹೊಯ್ತಿದ್ದೆ ದೊಡ್ಡಮ್ಮಾ,” ಎಂದಳು ಯೂಝೆನ್ ಮೀನಿನ ಮೇಲಿನ ಕಣ್ಣು ತೆಗೆಯದೆ. “ನಮ್ಮ ಓಣಿಯ ಮುಸಲ್ಮಾನರ ಅಡುಗೆಮನೆಗಳಲ್ಲೂ ಒಂದೊಂದು ಸೀಸೆ ಇರ್ತಿತ್ತು. ತಪ್ಪು ಅಂತ ಯಾರೂ ಹೇಳಿರಲಿಲ್ಲ. ಹೇಳೋಕೆ ಯಾರಿಗೆ ಗೊತ್ತಿತ್ತು? ಲಿನ್‌ನ ಅಪ್ಪ ತೀರಿಕೊಂಡ ವರ್ಷ, ಅವರ ಹೆಸರಲ್ಲಿ ನಾಲ್ಕು ಜನಕ್ಕೆ ಊಟ ಹಾಕೋಣ ಅಂತ ಮಸೀದೀಲಿ ಕೇಳಿದಾಗ ಇಮಾಮರು ತಿಳಿಸಿ ಹೇಳಿದ್ರು. ಅವತ್ತೇ ಸೀಸೆ ಚರಂಡಿಗೆ ಸುರಿದೆ. ಬಾಣಲೆ, ಚಾಕು, ಹೆಚ್ಚೋ ಮಣೆ ಎಲ್ಲ ಬಿಸಾಕಿ ಹೊಸದು ತಂದೆ. ಹನ್ನೊಂದು ವರ್ಷ ಆಯ್ತು.”

“ಗ್ಯಾಸಿನ ವಿಷಯದಲ್ಲಿ ಪಟ್ಟಂತ ಸುಳ್ಳು ಹೇಳಿದೆಯಲ್ಲ. ಇದಕ್ಕೂ ಹೇಳಬಹುದಿತ್ತು. ನನಗೇನು ಗೊತ್ತಾಗ್ತಿತ್ತು?”

“ಅದು ಹುಡುಗಿಗೋಸ್ಕರ ಹೇಳಿದ್ದು. ಇದು ನಿಮ್ಮ ಬಾಯಿಗೆ ಹೋಗೋ ತುತ್ತು.”

ನೀರು ಕುದಿಯತೊಡಗಿತು. ಅಜ್ಜಿ ಮಣೆಯ ಮೇಲೆ ಮುಂದಕ್ಕೂ ಹಿಂದಕ್ಕೂ ತೂಗುತ್ತ ಕುಳಿತಳು; ಕಥೆ ಹೇಳುವ ಮೊದಲು ಯಾವಾಗಲೂ ಹಾಗೆಯೇ ತೂಗುತ್ತಿದ್ದಳು. ಆದರೆ ಬಂದ ಮಾತು ಸೋಫಿಯೆ ಎಂದೂ ಕೇಳಿರದದ್ದು.

“ಸರ್ಕಾರ ಎಲ್ಲರ ಹೊಲ ಸೇರಿಸಿ ಕಮ್ಯೂನು ಮಾಡಿದ ಕಾಲದಲ್ಲಿ ನನಗೆ ಹಂದಿಗೂಡು ಗುಡಿಸೋ ಕೆಲಸ ಹಾಕಿದ್ರು. ಬೇಕೂಂತ್ಲೇ ಹಾಕಿದ್ರು, ನಮ್ಮೋರಿಗೆ. ಎರಡು ವರ್ಷ. ಮನೆಗೆ ಬರೋ ಮೊದ್ಲು ನದೀಲಿ ಮರಳು ಹಾಕಿ ಕೈ ಉಜ್ಜುತಿದ್ದೆ, ಚರ್ಮ ಕಿತ್ತು ಬರೋವರೆಗೂ. ಆದ್ರೂ ಊರ ಹೆಂಗಸರು ನನ್ನ ಕೈ ನೀರು ಮುಟ್ತಿರಲಿಲ್ಲ. ಬಾಯಲ್ಲಿ ಅನ್ನೋರಲ್ಲ. ‘ಈಗ ತಾನೇ ಕುಡಿದು ಬಂದೆ ಅಕ್ಕಾ’ ಅನ್ನೋರು. ಆಮೇಲೆ ಕಾಲ ಬದಲಾಯ್ತು, ಎಲ್ಲರೂ ಕರೆದ್ರು. ನಾನೂ ಅದನ್ನೇ ಅಂದೆ. ಈಗ ತಾನೇ ಉಂಡು ಬಂದೆ ಅಂತ. ಅಂದೂ ಅಂದೂ ಅದೇ ಬಾಯಿಪಾಠ ಆಗಿಹೋಯ್ತು. ಒಲೆಯ ನೆಪ ಒಂದು ಸಿಕ್ಕಿತ್ತು.”

ಯೂಝೆನ್ ಸೌಟನ್ನು ಕೆಳಗಿಟ್ಟು, ಲೋಟಕ್ಕೆ ನೀರು ಬಗ್ಗಿಸಿ, ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಒಂದು ಗುಟುಕು ಕುಡಿದು ಲೋಟವನ್ನು ಹಿಂದಕ್ಕೆ ಚಾಚಿದಳು. ಉಳಿದದ್ದನ್ನು ಯೂಝೆನ್ ಕುಡಿದಳು, ಕೊನೆಯ ಹನಿಯವರೆಗೂ. ಶುಂಠಿಯ ಖಾರಕ್ಕೋ ಏನೋ, ಸೋಫಿಯೆಗೆ ಹೆಚ್ಚುವ ಮಣೆ ಮಸುಕಾಗಿ ಕಂಡಿತು.

“ನೋಡ್ತಾ ನಿಂತ್ಕೋಬೇಡ,” ಎಂದಳು ಅಜ್ಜಿ. “ಇಷ್ಟು ದಪ್ಪ ಹೆಚ್ಚಿದ್ರೆ ಮೀನಿಗಲ್ಲ, ಕುದುರೆಗೆ ಹಾಕಬೇಕು.”

ಐದೂವರೆಗೆ ಎಲ್ಲರೂ ಮೇಜಿಗೆ ಬಂದರು. ಹೋಟೆಲಿನ ಡಬ್ಬಿಗಳನ್ನು ಯೂಝೆನ್ ಬಿಸಿ ಮಾಡಿ ಅಪ್ಪನ ಕಡೆಗೆ ಸರಿಸಿದ್ದಳು. ನಡುವೆ ಮೀನು, ಅದರ ಮೇಲೆ ಕಪ್ಪಗೆ ಹೊಳೆಯುವ ಹುಳಿಸಿಹಿ ಸಾರು. ಈ ಮೀನಿಗೆ ಕೂದಲಿನಂಥ ಮುಳ್ಳು. ಅಜ್ಜಿಯ ಕಣ್ಣಿಗೆ ಅದು ಕಾಣುವುದಿಲ್ಲ. ಯೂಝೆನ್ ಪಕ್ಕದಲ್ಲಿ ಕುಳಿತು, ಕೆನ್ನೆಯ ಭಾಗವನ್ನು ಬಿಡಿಸಿ, ಕಡ್ಡಿಯ ತುದಿಯಲ್ಲಿ ಒಂದೊಂದೇ ಮುಳ್ಳು ತೆಗೆದು, ಬೆರಳಿನಲ್ಲೂ ತಡವಿ ನೋಡಿ, ತನ್ನ ಮನೆಯ ಬಟ್ಟಲಿನಲ್ಲಿ ಇಟ್ಟಳು. ಅಜ್ಜಿಯ ಚೀಲ ಬಾಗಿಲ ಹಿಂದೆಯೇ ಇತ್ತು. ಅದನ್ನು ತರಲು ಯಾರಿಗೂ ಅವಳು ಹೇಳಲಿಲ್ಲ.

‘ಬಿಸ್ಮಿಲ್ಲಾ’ ಎಂದು ಬಾಯಿಗಿಟ್ಟಳು. ಅಗಿದಳು. ಲಿನ್ ಮೇಜಿನ ಅಂಚನ್ನು ಹಿಡಿದುಕೊಂಡಿದ್ದ. ಅಪ್ಪ ರೊಟ್ಟಿಯ ತುಂಡನ್ನು ಬಾಯಿಯ ಹತ್ತಿರ ಹಿಡಿದು ಮರೆತಿದ್ದ.

“ಹುಳಿ ಜಾಸ್ತಿ ಆಯ್ತು,” ಎಂದಳು ಅಜ್ಜಿ.

“ಹೌದು ದೊಡ್ಡಮ್ಮಾ. ಕೈ ತಪ್ಪಿ ಸ್ವಲ್ಪ ಹೆಚ್ಚು ಬಿತ್ತು.”

“ಸಿಹಿನೂ ಜಾಸ್ತಿ. ಮೀನಿಗೆ ಯಾರಾದ್ರೂ ಸಕ್ಕರೆ ಹಾಕ್ತಾರಾ? ನಿಮ್ಮೂರಿನೋರ ನಾಲಿಗೆ ಅಲ್ಲಾಹನಿಗೇ ಪ್ರೀತಿ.” ಬಟ್ಟಲನ್ನು ಯೂಝೆನ್‌ಳ ಕಡೆ ಒಡ್ಡಿದಳು. “ಇನ್ನೊಂದು ಕೆನ್ನೆ ಯಾರಿಗೆ ಬಚ್ಚಿಟ್ಟಿದ್ದೀಯಾ? ಹಾಕು.”

ಯೂಝೆನ್ ಮೀನನ್ನು ಮಗುಚಿದಳು. ಮಗುಚುವಾಗ ಸಾರು ಮೇಜಿಗೆ ಚೆಲ್ಲಿತು, ಅಮ್ಮನ ತೋಳಿಗೂ ಹಾರಿತು, ಯಾರೂ ಗಮನಿಸಲಿಲ್ಲ. ಸೋಫಿಯೆ ತನ್ನ ಬಟ್ಟಲಿನ ಮೇಲೆ ಬಗ್ಗಿದಳು, ತಲೆಯೆತ್ತಿದರೆ ಲಿನ್‌ನ ಮುಖ ಕಾಣಬಹುದೆಂದು, ಕಂಡರೆ ಎಲ್ಲರೆದುರು ನಕ್ಕುಬಿಡಬಹುದೆಂದು.

ಎರಡನೆಯ ಕೆನ್ನೆಯೂ ಮುಗಿದ ಮೇಲೆ ಅಜ್ಜಿ ಕಡ್ಡಿಯನ್ನು ಬಟ್ಟಲಿನ ಅಂಚಿಗೆ ಒರಗಿಸಿ ಬಾಯಿ ಒರೆಸಿಕೊಂಡಳು.

“ನಾಳೆ ಬೆಳಿಗ್ಗೆ ತಿಂಡಿಗೆ ಏನು ಮಾಡ್ತೀಯಮ್ಮಾ?”

ಯೂಝೆನ್ ಎದ್ದು ಒಲೆಯ ಕಡೆ ತಿರುಗಿ, ಬೇಕಿಲ್ಲದಿದ್ದರೂ ಕೆಟಲಿಗೆ ನೀರು ತುಂಬಿ ಉರಿ ಹಚ್ಚಿದಳು.

“ಬೇಗ ಏಳ್ತೀರಾ, ತಡವಾಗಿ ಏಳ್ತೀರಾ ದೊಡ್ಡಮ್ಮಾ?” ಎಂದಳು ಬೆನ್ನು ತಿರುಗಿಸಿಕೊಂಡೇ. “ಅದನ್ನ ನೋಡ್ಕೊಂಡು ಹಿಟ್ಟು ನೆನೆಸ್ತೀನಿ.”